‘ಬರ್ತೇನಿ’ ಅಂದವರು

ಕನ್ಸೋಲ್ ವಿಡಿಯೋ ಆಟಗಳೊಳಗಿನ ಜನ ಆಡಿದ ಮಾತನ್ನು ನಡೆಸಿಯೇ ತೀರುವಂತಾಗಿ ಒಂಬತ್ತು ವರ್ಷವಾಗಿತ್ತು. ಅದಕ್ಕೆ ಎಲ್ಲರೂ ಒಗ್ಗಿಹೋಗಿದ್ದರು. ಆಡುವವರೇ ತಯಾರಿಸಿ ಆಟಕ್ಕೆ ಸೇರಿಸುವ ಬದಲಾವಣೆಗಳನ್ನು, ಅಂದರೆ ಮಾಡ್‌ಗಳನ್ನು, ತಪಾಸಣೆ ಮಾಡಲು ಕಂಪನಿಯವರು ಮನೆಗೇ ಬರುತ್ತಿದ್ದರು.

ಬೆಟಗೇರಿಯ ಇಂದುಮತಿಯ ಮನೆಗೆ ಬಂದವನು ಶ್ರೀಶೈಲ. ಡ್ರ್ಯಾಗನ್‌ಗಳ ಆಟವೊಂದಕ್ಕೆ ಅವಳು ಕನ್ನಡದ ಮಾತು ಜೋಡಿಸಿದ್ದಳು. ಕಂಪನಿಯ ಶಿಫಾರಸು ಪಟ್ಟಿಯಲ್ಲಿ ಅವಳ ಮಾಡ್ ಮೊದಲನೆಯದು.

“ಸೈನಿಕರು ಸಾಯವಲ್ರು, ಅಕ್ಕಾರ,” ಎಂದ. “ಡ್ರ್ಯಾಗನ್ ಸುಟ್ಟು ಬೂದಿ ಮಾಡ್ತೈತಿ. ಮರುದಿನ ಮುಂಜಾನೆ ನೋಡಿದ್ರ ಮನೀ ಬಾಗಲದಾಗ ನಿಂತಿರ್ತಾರ. ಯಾಕಂದ್ರ ಯುದ್ಧಕ್ಕ ಹೊಂಟಾಗ ಹೆಂಡ್ರಿಗೆ ‘ಬರ್ತೇನಿ’ ಅಂದಿರ್ತಾರ. ಮೂಲದಾಗ ‘ಹೋಗ್ತೇನಿ’ ಅಂತ ಐತಿ. ಹಂಗ ತಿದ್ರಿ. ಇಲ್ಲಂದ್ರ ಪಟ್ಟಿಯಿಂದ ತಗೀತೀವಿ.”

“ತಗೀರಿ. ಹೊಸ್ತಿಲದಾಗ ನಿಂತು ಯಾರರ ‘ಹೋಗ್ತೇನಿ’ ಅಂತಾರೇನ್ರಿ?”

“ಅದು ಆಟರೀ.”

“ಆಟದಾಗಿನ ಹೆಂಡ್ರೂ ದಾರಿ ನೋಡ್ಕೋಂತ ಕುಂತಿರ್ತಾರ. ನಾ ತಿದ್ದಂಗಿಲ್ಲ.”

ಶ್ರೀಶೈಲ ಟ್ಯಾಬ್ ತೆಗೆದು, ಅವಳೆದುರಿಗೇ ಅವಳ ಮಾಡನ್ನು ಪಟ್ಟಿಯಿಂದ ಅಳಿಸಿದ. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, “ಬರ್ತೇನ್ರಿ” ಎಂದ.

ಇಂದುಮತಿ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. “ಹಂಗಲ್ಲ. ಮೂಲದಾಗ ಇದ್ದಂಗ ಹೇಳ್ರಿ. ಆಮ್ಯಾಲೆ ದಾರಿ ಬಿಡ್ತೇನಿ.”

ಅವನು ಎರಡು ಸಲ ಬಾಯಿ ತೆರೆದ. ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ. ಚಪ್ಪಲಿ ಬಿಟ್ಟು, ಟ್ಯಾಬ್‌ನಲ್ಲಿ ಆ ಪಟ್ಟಿಯನ್ನು ತೆರೆಯುತ್ತಾ, ಮತ್ತೆ ಒಳಗೆ ಬಂದ.