ಮೊಳಕೈವರೆಗೆ ನೀಲಿ

ಬಟ್ಟೆಗೆ ಬಣ್ಣ ಹಾಕುವ ಮನೆಯಲ್ಲಿ ಮಗಳು ಸತ್ತು ಬಿದ್ದಿದ್ದಾಳೆ ಎಂಬ ಸುದ್ದಿ ಮುಟ್ಟಿದಾಗ ತಾಯಿ ಬೆಳಗಿನ ಪ್ರಾರ್ಥನೆಯನ್ನು ಇನ್ನೂ ಮುಗಿಸಿರಲಿಲ್ಲ. ಅವಳು ಓಡಿ ಬರುವಷ್ಟರಲ್ಲಿ ಕೇರಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಹುಡುಗಿ ಬಣ್ಣದ ತೊಟ್ಟಿಯ ಪಕ್ಕದಲ್ಲಿ ಅಂಗಾತ ಬಿದ್ದಿದ್ದಳು. ಮುಖ ನೀಲಿ, ತುಟಿ ನೀಲಿ. ತಲೆಯ ಕೆಳಗೆ ಒಂದು ಕೋಟು. ಕಿಟಕಿಯ ಹಲಗೆ ಒಡೆದಿತ್ತು.

ಕೋಟು ಎದುರಂಗಡಿಯ ಬಟ್ಟೆ ಸಾಹುಕಾರನದು.

ಭಾಷೆ ಬೇರೆ, ಕುಲ ಬೇರೆಯಾದ ಈ ಕೇರಿಯ ಬಣ್ಣಗಾರರು ತಲೆತಲಾಂತರದಿಂದ ಅವನ ಮನೆತನದ ತೊಟ್ಟಿಗಳಲ್ಲಿ ಕೂಲಿಗೆ ದುಡಿದವರು. ಹೋದ ವರ್ಷ ಒಂದು ದತ್ತಿ ಸಂಸ್ಥೆ ಇಂಥ ಸಣ್ಣ ಸಮುದಾಯಗಳಿಗೆಂದು ಹಣ ಕೊಟ್ಟು, ಇವರದೇ ತೊಟ್ಟಿ, ಇವರದೇ ಇದ್ದಿಲ ಒಲೆ ಹಾಕಿಸಿತು. ಕೂಲಿ ಹೋಗಿ ಲಾಭದಲ್ಲಿ ಪಾಲು ಬಂತು. ಯಾರಾದರೂ ನುಗ್ಗಿ ಹಾಳುಮಾಡಿಯಾರೆಂದು ಹುಡುಗಿಯ ಅಣ್ಣ ಕಿಟಕಿಗಳಿಗೆಲ್ಲ ಹಲಗೆ ಜಡಿದಿದ್ದ.

ನಿನ್ನೆಯಷ್ಟೇ ಸಾಹುಕಾರ ಬಂದು ಆ ಹಲಗೆಗಳನ್ನು ನೋಡಿ ಕೂಗಾಡಿದ್ದ. "ಹೀಗೇ ಇದ್ರೆ ಈ ಮನೇಲಿ ಒಂದಿನ ಹೆಣ ಬೀಳುತ್ತೆ, ನೆನಪಿಟ್ಕೊಳ್ಳಿ."

"ನಮ್ಮ ಒಲೆಗಿಂತ ನಿಮ್ಮ ಹೊಟ್ಟೇನೇ ಜಾಸ್ತಿ ಉರೀತಿದೆ, ಸಾಹುಕಾರ್ರೇ" ಎಂದಿದ್ದ ಅಣ್ಣ. ಕೇರಿ ನಕ್ಕಿತ್ತು.

ಈಗ ಅಣ್ಣ ಬಣ್ಣ ಕಲಕುವ ಕೋಲನ್ನು ಎತ್ತಿಕೊಂಡು ಬೀದಿಗಿಳಿದ. ಸಾಹುಕಾರ ಬೀದಿಯ ತುದಿಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದ. ಹುಟ್ಟಿದಂದಿನಿಂದ ತೊಟ್ಟಿಗೆ ಬೆರಳಿಡದವನ ಎರಡೂ ಕೈ ಮೊಳಕೈವರೆಗೆ ನೀಲಿ.

ಮೊದಲ ಏಟಿಗೆ ಮೊಣಕಾಲು ಮುರಿಯಿತು.

"ಡಾಕ್ಟರ್..." ಎಂದ ಸಾಹುಕಾರ. "ಬೇಗ, ಡಾಕ್ಟರ್..."

"ಈಗ ಡಾಕ್ಟರ್ ಬೇಕಾಯ್ತಾ?"

ಮಿಕ್ಕ ಏಟುಗಳು ತಲೆಗೆ ಬಿದ್ದವು. ಕೋಲು ಸೀಳಿಹೋಗುವವರೆಗೆ ಬಿದ್ದವು. ಯಾರೂ ಬಿಡಿಸಲಿಲ್ಲ. ನೀಲಿ ಬೆರಳುಗಳು ಮಣ್ಣು ಕೆರೆದು ಸುಮ್ಮನಾದವು.

ಅಣ್ಣ ರಕ್ತದ ಕೋಲಿನೊಂದಿಗೆ ಹಿಂತಿರುಗಿದಾಗ ತಾಯಿ ಒದ್ದೆ ಬಟ್ಟೆಯಿಂದ ಮಗಳ ಮುಖ ಒರೆಸುತ್ತಿದ್ದಳು. ಲೆಕ್ಕ ತೀರಿತು ಎಂದ. ತಾಯಿ ತಲೆಯೆತ್ತಲಿಲ್ಲ. ಅವಳ ಕೈಯ ಕೆಳಗೆ ಮಗಳ ತುಟಿ ಅಲುಗಿತ್ತು.

ಹುಡುಗಿ ಕೆಮ್ಮಿದಳು. ನೀಲಿ ನೀರು ಕಾರಿದಳು. ಕಣ್ಣು ಬಿಟ್ಟಳು.

"ಕಿಟಕಿಗೆಲ್ಲ ಹಲಗೆ, ಒಲೆ ಹೊಗೆ ಹೋಗೋಕೆ ದಾರಿ ಇರ್ಲಿಲ್ಲಮ್ಮ. ತಲೆ ತಿರುಗಿ ತೊಟ್ಟಿಗೆ ಬಿದ್ದೆ. ಸಾಹುಕಾರ್ರು ಕಿಟಕಿ ಒಡ್ಕೊಂಡು ಬಂದು ಎತ್ತಿದ್ರು. ಡಾಕ್ಟರನ್ನ ಕರ್ಕೊಂಡು ಬರ್ತೀನಿ ಅಂದ್ರು. ಬಂದ್ರಾ?"

ಅಣ್ಣನ ಕೈಯಿಂದ ಕೋಲು ಜಾರಿತು. ತಾಯಿ ಮಗಳ ತಲೆಯ ಕೆಳಗಿದ್ದ ಕೋಟನ್ನು ಮುಟ್ಟಿ ಕಣ್ಣು ಮುಚ್ಚಿದಳು. ಬೆಳಗ್ಗೆ ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಮುಗಿಸಿದಳು.

"ದೇವರೇ, ನನ್ನ ಮಗಳನ್ನು ಎತ್ತಿದ ಆ ನೀಲಿ ಕೈಗಳಿಗೆ ಶಾಂತಿ ಕೊಡು."