ಅಡುಗೆಮನೆಯ ಸಹಪಾಠಿ

ಮನೆಯಲ್ಲೇ ಕೂತು ಡಿಗ್ರಿ ಓದುವವರಿಗೆ ಒಂಟಿತನ ಕಾಡಬಾರದೆಂದು ವಿಶ್ವವಿದ್ಯಾಲಯವು ಪ್ರತಿಯೊಬ್ಬರಿಗೂ ಬೆಳಕಿನಿಂದಾದ ಒಬ್ಬ ಸಹಪಾಠಿಯನ್ನು ಕಳಿಸುತ್ತಿತ್ತು. ಜಯಶೀಲಾಳ ಅಡುಗೆಮನೆಯಲ್ಲಿ ಐದು ವರ್ಷದಿಂದ ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ವನಮಾಲ. ಜಯಶೀಲಾ ಪಾಸಾದ ದಿನವೇ ವನಮಾಲಳನ್ನು ಅಳಿಸಿಹಾಕುವ ನಿಯಮವಿತ್ತು.

ಅದೇ ಅಡುಗೆಮನೆಯಲ್ಲಿ ಕೊನೆಯ ಪೇಪರಿನ ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾದರೂ ಜಯಶೀಲಾ ಒಂದಕ್ಷರ ಬರೆದಿರಲಿಲ್ಲ.

"ಈ ಸಲಾನೂ ಖಾಲಿ ಕೊಡ್ತೀಯೇನೇ? ಎಲ್ಲಾ ಬರುತ್ತಲ್ಲೇ ನಿಂಗೆ!" ಎಂದು ವನಮಾಲ ಗದರಿದಳು.

"ಬರೆದ್ರೆ ನೀನು ಹೋಗ್ತೀಯ. ನನ್ನ ಮಗಳು ಕಾಲೇಜಲ್ಲಿ ಕೂತು ಓದಿದ್ಲು. ಅವಳ ಫ್ರೆಂಡ್ಸ್ ಈಗ್ಲೂ ಮನೆಗೆ ಬಂದು ಗಲಾಟೆ ಮಾಡ್ತಾರೆ. ನಂಗೆ ಯಾರಿದಾರೆ ಹೇಳು?"

ವನಮಾಲ ಖಾಲಿ ಹಾಳೆಯತ್ತ ಬೊಟ್ಟು ಮಾಡಿದಳು. "ಎರಡು ಸಲ ಫೇಲಾಗಿದೀಯ. ಮತ್ತೆ ಫೇಲಾದ್ರೆ ನಾನು ಕೆಲಸಕ್ಕೆ ಬಾರದವಳು ಅಂತ ನನ್ನ ತೆಗೆದು ಬೇರೆಯವಳನ್ನ ಕೂರಿಸ್ತಾರೆ ಕಣೇ. ಆ ಹೆಸರು ಹೊತ್ಕೊಂಡು ಹೋಗ್ಲಾ ನಾನು?"

ಜಯಶೀಲಾ ಸೆರಗಿನಿಂದ ಮುಖ ಒರೆಸಿಕೊಂಡು ಬರೆಯತೊಡಗಿದಳು. ಎಲ್ಲ ಪ್ರಶ್ನೆಗಳಿಗೂ ಒಂದೂ ತಪ್ಪಿಲ್ಲದೆ ಉತ್ತರಿಸಿದಳು. ಕೊನೆಯ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಕಿತ್ತು. ಪರೀಕ್ಷೆ ಮುಗಿಯುವ ಗಂಟೆ ಹೊಡೆಯುವವರೆಗೂ ಅವಳು ಅದನ್ನೇ ಬರೆಯುತ್ತಿದ್ದಳು.