ಅವ್ವ ತಿಂದ ದ್ರಾಕ್ಷಿ

ಒಗ್ಗರಣೆಗೆ ಇಂಗು ಬಿದ್ದಾಗಲೆಲ್ಲ, ನಾಸಿಕದ ಹತ್ತಿರ ಓಝರಿನಲ್ಲಿದ್ದ ನಮ್ಮ ಕ್ವಾರ್ಟರ್ಸಿನ ಒಂದು ಮಧ್ಯಾಹ್ನ ಇವತ್ತಿಗೂ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ತಮ್ಮ ಹುಟ್ಟಿ ತಿಂಗಳಾಗಿತ್ತು. ದಿನಾ ಮಧ್ಯಾಹ್ನ ಶುರುಮಾಡಿದರೆ ಮುಷ್ಟಿ ಬಿಗಿದು, ಕಾಲು ಮಡಚಿಕೊಂಡು ಸಂಜೆತನಕ ಅಳುತ್ತಿದ್ದ. ಬಾಣಂತನಕ್ಕೆಂದು ಬಿಜಾಪುರದಿಂದ ಬಂದಿದ್ದ ಅಪ್ಪನ ತಾಯಿ, ನಮ್ಮಜ್ಜಿ, ಅವನ ಹೊಕ್ಕುಳ ಸುತ್ತ ಇಂಗು ತೇಯ್ದು ಹಚ್ಚುತ್ತಿದ್ದಳು. ಹಚ್ಚುವಾಗ ಅವ್ವನಿಗೆ ಪ್ರತಿದಿನ ಒಂದೇ ಪ್ರಶ್ನೆ: "ಏನ ತಿಂದಿ?"

ಹಾಗೆ ಕೇಳಿ ಕೇಳಿಯೇ ಅವ್ವನ ತಾಟಿನಿಂದ ಮೊದಲು ಬದನೆಕಾಯಿ ಹೋಯಿತು, ಆಮೇಲೆ ಬೇಳೆ, ಆಮೇಲೆ ಮೊಸರು. ಮೆತ್ತಗಿನ ಅನ್ನ, ಮೆಣಸಿನ ಸಾರು ಉಳಿದವು. ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವಳು ಗೋಡೆ ನೋಡುತ್ತ ಕೂರುತ್ತಿದ್ದಳು. ನಾನು ಕರೆದರೂ ತಿರುಗುತ್ತಿರಲಿಲ್ಲ.

ಆ ದಿನ ಎದುರುಮನೆಯ ಕಾಕೂ ತಮ್ಮೂರಿನ ದ್ರಾಕ್ಷಿ ತಂದುಕೊಟ್ಟರು. "ಥಂಡಿ. ಬಾಣಂತಿಗೆ ಬ್ಯಾಡ," ಎಂದು ಅಜ್ಜಿ ಬುಟ್ಟಿಯನ್ನು ಕಪಾಟಿನ ಮೇಲಿಟ್ಟಳು. ಅಷ್ಟರಲ್ಲಿ ತಮ್ಮ ಶುರುಮಾಡಿದ.

"ಏನ ತಿಂದಿ?"

ಅವ್ವ ಎದ್ದು ಕೂಸನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿದಳು. "ನಿನ್ನಿ ಬರೇ ಅನ್ನಾ ಸಾರು ಉಂಡೀನ್ರಿ ಅತ್ತಿ. ನಿನ್ನೀನೂ ಇಷ್ಟ ಅತ್ತಾನ."

ಸ್ಕಾರ್ಫ್ ಬಿಚ್ಚಿ ಎಸೆದು, ಬುಟ್ಟಿ ಇಳಿಸಿಕೊಂಡು, ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಳು. ಒಳಗೆ ತಮ್ಮ ಅಳುತ್ತಲೇ ಇದ್ದ. "ಮಂದಿ ನೋಡ್ತಾರ, ಒಳಗ ಬಾ," ಎಂದು ಅಜ್ಜಿ ಕರೆಯುತ್ತಲೇ ಇದ್ದಳು. ಅವ್ವ ಅವಸರ ಮಾಡದೆ ಒಂದೊಂದೇ ಹಣ್ಣು ಕಿತ್ತು ತಿಂದಳು. ನನ್ನ ಬಾಯಿಗೂ ಒಂದು ಹಾಕಿದಳು. ಗೊಂಚಲು ಬರಿದಾದ ಮೇಲೆ ಕೈ ತೊಳೆದು ಒಳಗೆ ಹೋಗಿ ತೋಳು ಚಾಚಿದಳು.

"ದ್ರಾಕ್ಷಿ ತಿಂದೀನ್ರಿ," ಎಂದಳು, ಅಜ್ಜಿ ಕೇಳುವ ಮೊದಲೇ. "ಈಗ ಕೊಡ್ರಿ."